ಹಳೆಯ ರಾಕ್ ಎಲ್‌ಪಿ ಮಾರುವುದು ಹೇಗೆ: ರನ್‌ಔಟ್ ಓದುವುದರಿಂದ ಪಾರ್ಸಲ್ ಕಟ್ಟುವವರೆಗೆ

ಎರಡು ಎಲ್‌ಪಿಗಳಿವೆ (ವಿನೈಲ್ ಪ್ಲಾಸ್ಟಿಕ್ಕಿನ ಹಾಡಿನ ತಟ್ಟೆಗಳು) ಎನ್ನಿ: ಆಲ್ಬಮ್ ಒಂದೇ, ಹಾಡು ಒಂದೇ, ಮುಖಪುಟದ ಚಿತ್ರವೂ ಒಂದೇ. ಆದರೂ ಒಂದು ಪ್ರತಿ ಮಾಮೂಲಿ ಬೆಲೆಗೆ ಹೋಗುತ್ತದೆ, ಇನ್ನೊಂದಕ್ಕೆ ಅದರ ಐವತ್ತು ಪಟ್ಟು ಸಿಗುತ್ತದೆ. ಸಂಗ್ರಾಹಕ ದುಡ್ಡು ಕೊಡುವುದು ಹಾಡಿಗಲ್ಲ, ನಿಮ್ಮ ಕೈಯಲ್ಲಿರುವ ಆ ಒಂದು ಪ್ರತಿಗೆ: ಅದು ಯಾವ ದೇಶದಲ್ಲಿ, ಯಾವ ಕಾರ್ಖಾನೆಯಲ್ಲಿ, ಯಾವ ವರ್ಷ ಅಚ್ಚಾಯಿತು, ಈಗ ಯಾವ ಸ್ಥಿತಿಯಲ್ಲಿದೆ ಎಂಬುದಕ್ಕೆ. ಮಾರುವವರ ಕೆಲಸದ ಮುಕ್ಕಾಲು ಪಾಲು ಈ ಪ್ರಶ್ನೆಗಳಿಗೆ ಉತ್ತರ ಹುಡುಕುವುದೇ. ಜಾಹೀರಾತು ಹಾಕುವುದು, ಅಂಚೆಗೆ ಕೊಡುವುದು ಎಲ್ಲ ಆಮೇಲಿನ ಮಾತು.

ಮೊದಲು ಪ್ರೆಸ್ಸಿಂಗ್ ಪತ್ತೆ ಹಚ್ಚಿ

ಪ್ರೆಸ್ಸಿಂಗ್ ಅಂದರೆ ಒಂದು ಸಲ ಅಚ್ಚು ಹಾಕಿದ ಪ್ರತಿಗಳ ಕಂತು. ಕವರಿನ ಹಿಂದೆ 1969 ಎಂದು ಅಚ್ಚಾಗಿದೆ ಎಂದಮಾತ್ರಕ್ಕೆ ಎಲ್‌ಪಿ 1969ರದ್ದೇ ಆಗಬೇಕಿಲ್ಲ. ಅದು ಹಕ್ಕುಸ್ವಾಮ್ಯದ ವರ್ಷ. ಹತ್ತು ವರ್ಷ ಬಿಟ್ಟು ಮರುಮುದ್ರಣ ಮಾಡಿದಾಗಲೂ ಅದೇ ವರ್ಷ ಹಾಗೇ ಉಳಿದಿರುತ್ತದೆ. ಹೊಸಬರು ಮೊದಲು ಎಡವುವುದೇ ಇಲ್ಲಿ.

ಬೇಗ ಜರಡಿ ಹಿಡಿಯಲು ಮೂರು ಕಡೆ ನೋಡಿ. ಒಂದು, ಬಾರ್‌ಕೋಡ್. ಅರವತ್ತರ ದಶಕದ ಆಲ್ಬಮ್ಮಿನ ಕವರಿನಲ್ಲಿ ಬಾರ್‌ಕೋಡ್ ಇದ್ದರೆ ಅದು ಮೂಲ ಪ್ರತಿಯಲ್ಲ, ಎಪ್ಪತ್ತರ ದಶಕದ ಕೊನೆಯ ನಂತರದ ಮರುಮುದ್ರಣ. ಎರಡು, ಕವರಿನ ಬೆನ್ನಿನ ಮೇಲಿನ ಕ್ಯಾಟಲಾಗ್ ಸಂಖ್ಯೆಯೂ (ಕಂಪನಿ ಆಲ್ಬಮ್ಮಿಗೆ ಕೊಟ್ಟ ಸಂಖ್ಯೆ) ಲೇಬಲ್ಲಿನ, ಅಂದರೆ ತಟ್ಟೆಯ ನಡುವಿನ ದುಂಡು ಕಾಗದದ, ಸಂಖ್ಯೆಯೂ ಹೊಂದುತ್ತವೆಯೇ ಎಂಬುದು. ಹೊಂದದಿದ್ದರೆ ಯಾರೋ ಯಾವಾಗಲೋ ಕವರು ಅದಲು ಬದಲು ಮಾಡಿರಬಹುದು. ಮೂರು, ರೆಕಾರ್ಡ್ ಕ್ಲಬ್ಬಿನ ಗುರುತು. ಅಮೆರಿಕದಲ್ಲಿ ಅಂಚೆಯ ಮೂಲಕ ಸದಸ್ಯರಿಗೆ ಕಳಿಸುತ್ತಿದ್ದ ಕ್ಲಬ್ ಪ್ರತಿಗಳ ಲೇಬಲ್ಲಿನಲ್ಲೋ ಕವರಿನಲ್ಲೋ ಕ್ಲಬ್ಬಿನ ಹೆಸರಿರುತ್ತದೆ. ಅವುಗಳಿಗೆ ಸಾಮಾನ್ಯವಾಗಿ ಬೇಡಿಕೆ ಕಡಿಮೆ.

ಆಮೇಲೆ ಲೇಬಲ್. ಕಂಪನಿಗಳು ಕೆಲವು ವರ್ಷಗಳಿಗೊಮ್ಮೆ ಲೇಬಲ್ಲಿನ ಬಣ್ಣ, ವಿನ್ಯಾಸ ಬದಲಿಸುತ್ತಿದ್ದವು. ಬೀಟಲ್ಸ್ ಮೊದಲ ಆಲ್ಬಮ್ 'ಪ್ಲೀಸ್ ಪ್ಲೀಸ್ ಮೀ' 1963ರಲ್ಲಿ ಬ್ರಿಟನ್ನಿನಲ್ಲಿ ಬಂದಾಗ ಪಾರ್ಲಫೋನ್ ಲೇಬಲ್ ಕಪ್ಪು ಮೈಮೇಲೆ ಚಿನ್ನದ ಬಣ್ಣದ ಅಕ್ಷರಗಳದ್ದು. ಸ್ವಲ್ಪದರಲ್ಲೇ ಹಳದಿ ಅಕ್ಷರಗಳ ಲೇಬಲ್ ಬಂತು. ಚಿನ್ನದಕ್ಕೂ ಹಳದಿಗೂ ಬೆಲೆಯಲ್ಲಿ ಅಜಗಜಾಂತರ. 1969ರ ಲೆಡ್ ಜೆಪ್ಪೆಲಿನ್ ಮೊದಲ ಆಲ್ಬಮ್ಮಿನ ಬ್ರಿಟಿಷ್ ಕವರಿನಲ್ಲಿ ಹೆಸರು ಮೊದಲು ವೈಡೂರ್ಯದ ನೀಲಿಹಸಿರಿನಲ್ಲಿತ್ತು, ಬೇಗನೆ ಕಿತ್ತಳೆಗೆ ತಿರುಗಿತು. ನೀಲಿಹಸಿರಿನದಕ್ಕೇ ಜನ ಮುಗಿಬೀಳುವುದು. ಪಿಂಕ್ ಫ್ಲಾಯ್ಡ್ ತಂಡದ 'ದ ಡಾರ್ಕ್ ಸೈಡ್ ಆಫ್ ದ ಮೂನ್' (1973) ಆಲ್ಬಮ್ಮಿನ ಮೊದಲ ಬ್ರಿಟಿಷ್ ಪ್ರತಿಯ ಲೇಬಲ್ಲಿನಲ್ಲಿ ನೀಲಿ ತ್ರಿಕೋನ ಒಳಗೆಲ್ಲ ಬಣ್ಣ ತುಂಬಿದ್ದು. ಮುಂದಿನವುಗಳಲ್ಲಿ ಬರೀ ಗೆರೆಯ ತ್ರಿಕೋನ. ಜೊತೆಗೆ ಎರಡು ಪೋಸ್ಟರು, ಎರಡು ಸ್ಟಿಕರು ಇರಬೇಕು. ಒಂದು ಕಾಣೆಯಾದರೂ ಬೆಲೆ ಇಳಿಯುತ್ತದೆ.

ರನ್‌ಔಟ್ ಓದುವ ಬಗೆ

ಕೊನೆಯ ಹಾಡು ಮುಗಿದ ಮೇಲೆ ಲೇಬಲ್ಲಿನವರೆಗೆ ನುಣುಪಾದ ಪಟ್ಟಿಯೊಂದಿರುತ್ತದೆಯಲ್ಲ, ಅದೇ ರನ್‌ಔಟ್. ಅಲ್ಲಿ ಗೀಚಿದ ಅಥವಾ ಒತ್ತಿದ ಅಕ್ಷರಗಳೇ ಆ ಪ್ರತಿಯ ಜಾತಕ. ಲೇಬಲ್ ಸುಳ್ಳು ಹೇಳಬಹುದು, ಕವರು ಬದಲಾಗಿರಬಹುದು. ರನ್‌ಔಟಿನ ಮೇಲೆ ಮಾತ್ರ ಹೆಚ್ಚು ಭರವಸೆ ಇಡಬಹುದು.

ಕೋಣೆಯ ದೀಪ ಆರಿಸಿ. ಎಲ್‌ಪಿಯನ್ನು ಅಂಚು ಮತ್ತು ಲೇಬಲ್ಲಿನಲ್ಲಿ ಮಾತ್ರ ಹಿಡಿದು, ಮೊಬೈಲಿನ ಟಾರ್ಚನ್ನು ಪಕ್ಕದಿಂದ, ಹೆಚ್ಚುಕಮ್ಮಿ ಮೇಲ್ಮೈಗೆ ಸಮಾನಾಂತರವಾಗಿ ಬಿಡಿ. ನೇರ ಮೇಲಿಂದ ಬಿಟ್ಟರೆ ಹೊಳಪು ಕಣ್ಣಿಗೆ ಹೊಡೆಯುತ್ತದೆ, ಅಕ್ಷರ ಕಾಣುವುದಿಲ್ಲ. ಎಲ್‌ಪಿಯನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಿ, ಕಂಡದ್ದನ್ನೆಲ್ಲ ಇದ್ದ ಹಾಗೇ ಬರೆದುಕೊಳ್ಳಿ: ಯಾವುದು ಯಂತ್ರದಿಂದ ಒತ್ತಿದ್ದು, ಯಾವುದು ಕೈಯಿಂದ ಗೀಚಿದ್ದು, ಯಾವುದನ್ನು ಗೆರೆ ಎಳೆದು ಹೊಡೆದುಹಾಕಿದ್ದಾರೆ, ಎಲ್ಲವನ್ನೂ.

ಬ್ರಿಟನ್ನಿನ ಇಎಂಐ ರೆಕಾರ್ಡ್ ಕಂಪನಿಯ ಕಾರ್ಖಾನೆಯ ಪ್ರತಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಮ್ಯಾಟ್ರಿಕ್ಸ್ ಸಂಖ್ಯೆ (ರನ್‌ಔಟಿನಲ್ಲಿ ಆ ಬದಿಯನ್ನು ಗುರುತಿಸುವ ಮುಖ್ಯ ಸಾಲು) ಕೆಳಗೆ, ಗಡಿಯಾರದ ಆರು ಗಂಟೆಯ ಜಾಗದಲ್ಲಿ ಬರುವಂತೆ ಹಿಡಿಯಿರಿ. ಅದರ ಕೊನೆಯ ಅಂಕೆ ಎಷ್ಟನೆಯ ಕಟಿಂಗ್, ಅಂದರೆ ಹಾಡನ್ನು ಮೂಲ ತಟ್ಟೆಗೆ ಎಷ್ಟನೆಯ ಸಲ ಕೊರೆದದ್ದು, ಎಂದು ಹೇಳುತ್ತದೆ. ಮೇಲೆ ಹೇಳಿದ ಪಿಂಕ್ ಫ್ಲಾಯ್ಡ್ ಆಲ್ಬಮ್ಮಿನ ಮೊದಲ ಪ್ರತಿಗಳಲ್ಲಿ 'ಎಸ್‌ಎಚ್‌ವಿಎಲ್ 804'ರ ಮುಂದೆ ಒಂದು ಬದಿಗೆ ಎ-2, ಇನ್ನೊಂದು ಬದಿಗೆ ಬಿ-2 ಇರುತ್ತದೆ. ಒಂಬತ್ತು ಗಂಟೆಯ ಜಾಗದಲ್ಲಿರುವ ಒಂಟಿ ಅಂಕೆ ಮದರ್ ಸಂಖ್ಯೆ (ಮದರ್ ಅಂದರೆ ಸ್ಟ್ಯಾಂಪರುಗಳನ್ನು ತಯಾರಿಸುವ ಲೋಹದ ತಟ್ಟೆ). ಮೂರು ಗಂಟೆಯ ಜಾಗದಲ್ಲಿ ಒಂದೋ ಎರಡೋ ಮೂರೋ ಅಕ್ಷರಗಳಿರುತ್ತವೆ, ಅದು ಸ್ಟ್ಯಾಂಪರ್ ಸಂಖ್ಯೆ (ಸ್ಟ್ಯಾಂಪರ್ ಅಂದರೆ ವಿನೈಲನ್ನು ಒತ್ತುವ ಅಚ್ಚು). ಅಂಕೆಯ ಬದಲು ಅಕ್ಷರ ಬಳಸುವ ಗುಟ್ಟಿನ ಪದ್ಧತಿ ಅದು: ಜಿ, ಆರ್, ಎ, ಎಂ, ಓ, ಪಿ, ಎಚ್, ಎಲ್, ಟಿ ಅನುಕ್ರಮವಾಗಿ 1ರಿಂದ 9, ಡಿ ಅಂದರೆ ಸೊನ್ನೆ. ಕೂಡಿಸಿ ಓದಿದರೆ 'ಗ್ರಾಮೊಫೋನ್ ಲಿಮಿಟೆಡ್' ಎಂಬುದರ ಮೊಟಕು ರೂಪ. 'ಜಿಎ' ಎಂದಿದ್ದರೆ 13ನೇ ಸ್ಟ್ಯಾಂಪರ್. ಸಂಖ್ಯೆ ಚಿಕ್ಕದಾದಷ್ಟೂ ಪ್ರತಿ ಮೊದಲ ಹಂತದ್ದು, ಅದಕ್ಕೇ ಕೆಲವು ಸಂಗ್ರಾಹಕರು ಹೆಚ್ಚು ಕೊಡುತ್ತಾರೆ.

ಕೈಬರಹದ ಗುರುತುಗಳೂ ದುಡ್ಡು ತರುತ್ತವೆ. ಲೆಡ್ ಜೆಪ್ಪೆಲಿನ್ ಎರಡನೇ ಆಲ್ಬಮ್ಮಿನ ಅಮೆರಿಕನ್ ಪ್ರತಿಯ ರನ್‌ಔಟಿನಲ್ಲಿ 'ಆರ್‌ಎಲ್' ಎಂದು ಗೀಚಿದ್ದರೆ ಅದು ರಾಬರ್ಟ್ ಲಡ್ವಿಗ್ ಮಾಡಿದ ಕಟಿಂಗ್. ಬಹಳ ಏರುದನಿಯ, ಗಟ್ಟಿ ಬಾಸ್ ಇರುವ ಕಟಿಂಗ್ ಅದು, ಬೇಗನೆ ಬದಲಿಸಿಬಿಟ್ಟರು. ಅದೇ ಆಲ್ಬಮ್, ಅದೇ ವರ್ಷ, ಆ ಎರಡು ಅಕ್ಷರ ಇಲ್ಲದಿದ್ದರೆ ಬೆಲೆ ಎಷ್ಟೋ ಪಾಲು ಕಡಿಮೆ.

ಬರೆದುಕೊಂಡ ಸಾಲನ್ನು ಡಿಸ್ಕಾಗ್ಸ್ ಎಂಬ ಜಾಲತಾಣದ ರೆಕಾರ್ಡ್ ದತ್ತಾಂಶದಲ್ಲಿ ಹುಡುಕಿ. ಒಂದೇ ಆಲ್ಬಮ್ಮಿಗೆ ನೂರಾರು ನಮೂದುಗಳಿರುತ್ತವೆ. ದೇಶ, ಕ್ಯಾಟಲಾಗ್ ಸಂಖ್ಯೆ, ಲೇಬಲ್, ರನ್‌ಔಟ್ ನಾಲ್ಕೂ ಹೊಂದುವ ನಮೂದು ಸಿಗುವವರೆಗೆ ಬಿಡಬೇಡಿ. ಹೆಚ್ಚುಕಮ್ಮಿ ಹೊಂದುವ ನಮೂದಿನಡಿ ಮಾರಿದರೆ ಪಾರ್ಸಲ್ ವಾಪಸು ಬರುವುದು ಬಹುತೇಕ ಖಚಿತ.

ನಕಲಿಯೇ? ಕಿತ್ತದ್ದೇ?

ಹೆಸರುವಾಸಿ ಪ್ರತಿಗಳಿಗೆ ನಕಲಿಗಳು ಹೇರಳ. ವೀ-ಜೇ ಕಂಪನಿಯ 'ಇಂಟ್ರೊಡ್ಯೂಸಿಂಗ್ ದ ಬೀಟಲ್ಸ್' ಇದರಲ್ಲಿ ಕುಖ್ಯಾತ. ಲೇಬಲ್ಲಿನಲ್ಲಿ ಆಲ್ಬಮ್ಮಿನ ಹೆಸರು ನಡುವಿನ ತೂತಿನ ಮೇಲೂ ತಂಡದ ಹೆಸರು ಕೆಳಗೂ ಹಂಚಿಹೋಗಿದ್ದರೆ ನಕಲಿ ಎಂದೇ ತಿಳಿಯಿರಿ; ಅಸಲಿಯಲ್ಲಿ ಎರಡೂ ತೂತಿನ ಮೇಲೇ ಇರುತ್ತವೆ. ಸಾಮಾನ್ಯವಾಗಿ ನಕಲಿ ಕವರಿನ ಚಿತ್ರ ಮಸುಕು, ಸಣ್ಣ ಅಕ್ಷರಗಳ ಅಂಚು ಕಲಸಿಹೋಗಿರುತ್ತದೆ. ಅಸಲಿ ಕವರಿನಿಂದಲೇ ಫೋಟೊ ತೆಗೆದು ಅಚ್ಚು ಹಾಕಿದ್ದರ ಫಲ ಅದು.

ಇನ್ನು ಕೀಳುವ ಚಪಲ. ಬೀಟಲ್ಸ್ 'ಯೆಸ್ಟರ್‌ಡೇ ಅಂಡ್ ಟುಡೇ' 1966ರ ಜೂನಿನಲ್ಲಿ ಅಮೆರಿಕದಲ್ಲಿ ಹೊರಬರುವ ಹೊತ್ತಿಗೆ ಮಾಂಸದ ತುಂಡು, ಮುರಿದ ಗೊಂಬೆಗಳ ಮುಖಪುಟ ಗದ್ದಲ ಎಬ್ಬಿಸಿತು. ಕ್ಯಾಪಿಟಲ್ ಕಂಪನಿ ಪ್ರತಿಗಳನ್ನು ವಾಪಸು ತರಿಸಿ, ಕೆಲವು ಕವರುಗಳ ಮೇಲೆ ಟ್ರಂಕಿನ ಚಿತ್ರ ಅಂಟಿಸಿ ಮತ್ತೆ ಕಳಿಸಿತು. ನಿಮ್ಮ ಬಳಿಯ ಕವರಿನ ಬಲಭಾಗದ ಬಿಳಿ ಜಾಗದಲ್ಲಿ, 'ಟುಡೇ' ಪದದ ಕೆಳಗೆ, ಕಪ್ಪು ತ್ರಿಕೋನದ ನೆರಳು ಕಂಡರೆ ಕೆಳಗೆ ಹಳೆಯ ಚಿತ್ರವಿದೆ. ಅದು ರಿಂಗೋ ಸ್ಟಾರ್ ಅಂಗಿಯ ಕುತ್ತಿಗೆ. ಆಗ ಉಗಿ ಹಿಡಿದು ಬಿಡಿಸಲು ಹೋಗಬೇಡಿ. ಅಂಟಿಸಿದ ಹಾಗೇ ಉಳಿದ ಪ್ರತಿಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ, ಕೆಟ್ಟದಾಗಿ ಕಿತ್ತ ಕವರು ಎರಡಕ್ಕೂ ಸಲ್ಲುವುದಿಲ್ಲ. ವೆಲ್ವೆಟ್ ಅಂಡರ್‌ಗ್ರೌಂಡ್ ಮೊದಲ ಆಲ್ಬಮ್ಮಿನ (1967) ಬಾಳೆಹಣ್ಣಿನ ಸ್ಟಿಕರಿಗೂ ಇದೇ ಮಾತು. ಸಿಪ್ಪೆ ಸುಲಿದವರ ಖುಷಿ ಒಂದು ಗಳಿಗೆಯದ್ದು.

ತೊಳೆಯುವುದು

ದರ್ಜೆ ಕಟ್ಟುವ ಮೊದಲು ತೊಳೆಯಿರಿ, ಏಕೆಂದರೆ ಧೂಳಿನ ಚಿಟಪಟ ಸದ್ದಿಗೂ ಗೀರಿನ ಸದ್ದಿಗೂ ವ್ಯತ್ಯಾಸ ತಿಳಿಯುವುದು ಆಮೇಲೆಯೇ. ಡಿಸ್ಟಿಲ್ಡ್ ನೀರು ನಾಲ್ಕು ಪಾಲು, ಸುಗಂಧ ಸೇರಿಸದ ಐಸೊಪ್ರೊಪೈಲ್ ಆಲ್ಕೊಹಾಲ್ ಹೆಚ್ಚೆಂದರೆ ಒಂದು ಪಾಲು, ನೀರು ಹನಿಗಟ್ಟದೆ ಹರಡುವಂತೆ ಮಾಡುವ ವೆಟಿಂಗ್ ಏಜೆಂಟಿನ ಒಂದೆರಡು ಹನಿ. ಮೃದು ಬ್ರಷ್ಷನ್ನು ಗ್ರೂವಿನ (ಮುಳ್ಳು ಓಡುವ ಸುರುಳಿ ಜಾಡಿನ) ದಿಕ್ಕಿನಲ್ಲೇ, ಅಂದರೆ ಸುತ್ತಾಗಿ, ಆಡಿಸಿ. ಲೇಬಲ್ ಒದ್ದೆಯಾಗಬಾರದು. ಬರೀ ಡಿಸ್ಟಿಲ್ಡ್ ನೀರಿನಲ್ಲಿ ಇನ್ನೊಮ್ಮೆ ತೊಳೆದು, ನೆಟ್ಟಗೆ ನಿಲ್ಲಿಸಿ ಪೂರ್ತಿ ಒಣಗಿಸಿ. ನಲ್ಲಿ ನೀರು ಬೇಡ, ಅದರ ಲವಣ ಗ್ರೂವಿನಲ್ಲಿ ಕೂತು ಹೊಸ ಸದ್ದು ಹುಟ್ಟಿಸುತ್ತದೆ. ಗಾಜು ಒರೆಸುವ ದ್ರಾವಣವೂ ಬೇಡ. ವಿನೈಲಿಗೆ ಮುಂಚಿನ ಅರಗಿನ ಶೆಲ್ಲಾಕ್ ಪ್ಲೇಟುಗಳಿಗೆ, ಸ್ಟುಡಿಯೊದಲ್ಲಿ ಪರೀಕ್ಷೆಗೆಂದು ಕೊರೆದ ಅಸಿಟೇಟ್ ಪ್ರತಿಗಳಿಗೆ ಆಲ್ಕೊಹಾಲ್ ಸೋಕಿಸಲೇಬಾರದು. ಅವು ಕರಗಿ ಹಾಳಾಗುತ್ತವೆ.

ತೊಳೆದರೂ ಹೋಗದ್ದು ಒಂದಿದೆ: ಹಾಲಿನಂಥ ಮಬ್ಬು. ಪಿವಿಸಿ ಪ್ಲಾಸ್ಟಿಕ್ ಚೀಲದಲ್ಲಿ ವರ್ಷಾನುಗಟ್ಟಲೆ ಇಟ್ಟರೆ ಅದರೊಳಗಿನ ಮೆದುಕಾರಕ ವಿನೈಲಿಗೆ ಇಳಿದು ಈ ಮಬ್ಬು ಬರುತ್ತದೆ, ಉದ್ದಕ್ಕೂ 'ಸ್‌ಸ್' ಎಂಬ ಸದ್ದು ಕೇಳಿಸುತ್ತದೆ. ಅದನ್ನು ವಿವರಣೆಯಲ್ಲಿ ಹೇಳಿಬಿಡಿ. ಬಾಗಿದ ಎಲ್‌ಪಿಯನ್ನು ಬಿಸಿ ಮಾಡಿ ನೆಟ್ಟಗಾಗಿಸುವ ಸಾಹಸ ಬೇಡ. ಕವರಿನ ಮೇಲಿನ ಹಳೆಯ ಬೆಲೆಚೀಟಿಯನ್ನೂ ಕೀಳಬೇಡಿ. ಚೀಟಿ ಇದ್ದರೆ ಕೊಳ್ಳುವವರು ಸಹಿಸುತ್ತಾರೆ, ಅದರ ಜೊತೆ ಕಿತ್ತುಬಂದ ಕಾಗದವನ್ನು ಸಹಿಸುವುದಿಲ್ಲ.

ದರ್ಜೆ: ಇಲ್ಲಿ ಜಿಪುಣರಾಗಿ

ಜಗತ್ತಿನಾದ್ಯಂತ ನಡೆಯುವುದು ಗೋಲ್ಡ್‌ಮೈನ್ ಪತ್ರಿಕೆಯ ದರ್ಜೆಪಟ್ಟಿ: ಮಿಂಟ್, ನಿಯರ್ ಮಿಂಟ್, ವಿಜಿ ಪ್ಲಸ್, ವಿಜಿ (ವೆರಿ ಗುಡ್), ಜಿ ಪ್ಲಸ್, ಜಿ (ಗುಡ್), ಫೇರ್, ಪೂರ್. ಪ್ಲೇಟಿಗೊಂದು ದರ್ಜೆ, ಕವರಿಗೊಂದು ದರ್ಜೆ, ಬೇರೆ ಬೇರೆ. ಹೆಸರುಗಳು ಮೋಸ ಮಾಡುತ್ತವೆ, ಎಚ್ಚರ: 'ವೆರಿ ಗುಡ್' ಅಂದರೆ ಗೀರು ಕಾಣುವ, ಮೆಲುದನಿಯ ಕಡೆ ಸದ್ದು ಕೇಳುವ ಪ್ರತಿ. 'ಗುಡ್' ಅಂದರೆ ಗುಡ್ ಅಲ್ಲವೇ ಅಲ್ಲ, ಉದ್ದಕ್ಕೂ ಕರಕರ ಎನ್ನುವ ಪ್ರತಿ. ಆ ಪಟ್ಟಿಯ ಲೆಕ್ಕದಲ್ಲಿ ನಿಯರ್ ಮಿಂಟ್ ಬೆಲೆ ನೂರಾದರೆ ವಿಜಿ ಪ್ಲಸ್‌ಗೆ ಐವತ್ತು, ವಿಜಿಗೆ ಇಪ್ಪತ್ತೈದು, ಗುಡ್‌ಗೆ ಹತ್ತು-ಹದಿನೈದು. ತುಂಬ ಅಪರೂಪದ ಪ್ರತಿಗಳಲ್ಲಿ ಇಳಿತ ಇಷ್ಟು ಕಡಿದಾಗಿರುವುದಿಲ್ಲ, ಮನೆಮನೆಯಲ್ಲೂ ಇರುವ ಆಲ್ಬಮ್ಮುಗಳಲ್ಲಿ ಇದಕ್ಕಿಂತ ಕಡಿದು.

ಕಣ್ಣಿನಿಂದ ನೋಡುವಾಗ ಟ್ಯೂಬ್‌ಲೈಟ್ ಸಾಲದು. ಒಂದೇ ಬಲ್ಬಿನ ತೀಕ್ಷ್ಣ ಬೆಳಕಿನಡಿ ಎಲ್‌ಪಿಯನ್ನು ಓರೆಯಾಗಿ ಹಿಡಿದು ತಿರುಗಿಸಿ. ಕೂದಲೆಳೆಯಂಥ ಗುರುತು ಕವರಿನಿಂದ ಎಳೆದು ತುರುಕಿದ್ದರ ಫಲ, ಸಾಮಾನ್ಯವಾಗಿ ಕೇಳಿಸುವುದಿಲ್ಲ. ಉಗುರಿನ ತುದಿ ಹಗುರವಾಗಿ ಸವರಿದಾಗ ತಡೆದರೆ ಅದು ಕೇಳಿಸುವ ಗೀರು. ಹೊಳಪು ಹೋಗಿ ಗ್ರೂವು ಬೂದುಬಣ್ಣಕ್ಕೆ ತಿರುಗಿದ್ದರೆ ಸವೆತ. ಹಳೆಯ ಕಾಲದ ಭಾರದ ಮುಳ್ಳುಗಳ ಕೆಲಸ ಅದು.

ಬೆಲೆಬಾಳುವ ಪ್ರತಿಯನ್ನು ಪೂರ್ತಿ ನುಡಿಸಿಯೇ ದರ್ಜೆ ಕೊಡಬೇಕು. ಕಣ್ಣಿಗೆ ಕನ್ನಡಿಯಂತಿದ್ದರೂ ಸವೆದ ಎಲ್‌ಪಿಯ ಕೊನೆಯ ಹಾಡಿನಲ್ಲಿ 'ಸ', 'ಶ' ಧ್ವನಿಗಳು ಒಡೆದು ಕೇಳುತ್ತವೆ. ಒಳಗಿನ ಗ್ರೂವುಗಳಲ್ಲೇ ಸವೆತ ಮೊದಲು ಬಯಲಾಗುವುದು. ಅಡ್ಡಗೀರಿನ ಟಿಕ್ ಸದ್ದು 33⅓ ವೇಗದಲ್ಲಿ ಸರಿಯಾಗಿ 1.8 ಸೆಕೆಂಡಿಗೊಮ್ಮೆ ಬರುತ್ತದೆ, ಒಂದು ಸುತ್ತಿಗೆ ಹಿಡಿಯುವ ಹೊತ್ತು ಅಷ್ಟೇ. ಆ ತಾಳದಲ್ಲಿ ಬಂದರೆ ಗೀರು, ತಾಳವಿಲ್ಲದೆ ಅಲ್ಲೊಂದು ಇಲ್ಲೊಂದು ಬಂದರೆ ಧೂಳು ಅಥವಾ ಸ್ಥಿರವಿದ್ಯುತ್ತು. ಟಿಕ್ ಎಷ್ಟು ಸಲ ಬಂತು ಎಣಿಸಿ. 'ಎರಡನೇ ಬದಿ, ಮೂರನೇ ಹಾಡಿನ ಶುರುವಿನಲ್ಲಿ ಹನ್ನೊಂದು ಟಿಕ್, ಮುಳ್ಳು ಹಾರುವುದಿಲ್ಲ' ಎಂದು ಬರೆದ ಮಾರಾಟಗಾರನನ್ನು ಕೊಳ್ಳುವವರು ಕಣ್ಣುಮುಚ್ಚಿ ನಂಬುತ್ತಾರೆ. ಎರಡು ದರ್ಜೆಗಳ ನಡುವೆ ಅನುಮಾನ ಬಂದರೆ ಕೆಳಗಿನದ್ದನ್ನೇ ಕೊಡಿ. ಸೀಲ್ ಒಡೆಯದ ಪ್ರತಿಯನ್ನು ಬಿಟ್ಟು ಯಾವುದಕ್ಕೂ ಮಿಂಟ್ ಎನ್ನಬೇಡಿ.

ಕವರಿನಲ್ಲಿ ನೋಡಬೇಕಾದ್ದು: ಒಳಗಿನ ಪ್ಲೇಟಿನ ಆಕಾರದಲ್ಲಿ ಮುಖಪುಟದ ಮೇಲೆ ಮೂಡಿದ ಉಂಗುರದ ಸವೆತ, ಅಂಚಿನ ಸೀಳು (ಎಷ್ಟು ಸೆಂಟಿಮೀಟರು ಎಂದು ಅಳೆಯಿರಿ), ಬೆನ್ನಿನ ಅಕ್ಷರ ಓದಲು ಬರುತ್ತದೆಯೇ, ಮೂಲೆ ಕತ್ತರಿಸಿದ್ದಾರೆಯೇ, ಹಳೆಯ ಯಜಮಾನರ ಹೆಸರು ಬರೆದಿದೆಯೇ, ಬೂಷ್ಟಿನ ವಾಸನೆ ಇದೆಯೇ. ವಾಸನೆ ಫೋಟೊದಲ್ಲಿ ಕಾಣುವುದಿಲ್ಲ ಎಂದು ಬಚ್ಚಿಟ್ಟರೆ, ಪೆಟ್ಟಿಗೆ ತೆರೆದ ಕ್ಷಣವೇ ಗೊತ್ತಾಗುತ್ತದೆ.

ಬೆಲೆ

ಕೇಳುತ್ತಿರುವ ಬೆಲೆ ನೋಡಬೇಡಿ, ಮಾರಿಹೋದ ಬೆಲೆ ನೋಡಿ. ಯಾರೋ ಮೂರು ವರ್ಷದಿಂದ ಆಕಾಶದ ಬೆಲೆಗೆ ಇಟ್ಟಿದ್ದಾರೆ ಎಂದರೆ ಆ ಬೆಲೆಗೆ ಅದು ಹೋಗುತ್ತಿಲ್ಲ ಎಂದಷ್ಟೇ ಅರ್ಥ. ಡಿಸ್ಕಾಗ್ಸ್ ಪುಟದಲ್ಲಿ ಕನಿಷ್ಠ, ಮಧ್ಯಮ, ಗರಿಷ್ಠ ಮಾರಾಟ ಬೆಲೆಗಳಿರುತ್ತವೆ. ಈಬೇಯಲ್ಲಿ ಮುಗಿದ ಮಾರಾಟಗಳನ್ನು ಸೋಸಿ ನೋಡಬಹುದು. ಹಳೆಯ ಹರಾಜುಗಳ ದಾಖಲೆ ಪಾಪ್‌ಸೈಕ್ ಜಾಲತಾಣದಲ್ಲಿದೆ. ನಿಮ್ಮದೇ ಪ್ರೆಸ್ಸಿಂಗಿನ, ನಿಮ್ಮದೇ ದರ್ಜೆಯ, ಇತ್ತೀಚಿನ ಐದಾರು ಮಾರಾಟ ಹುಡುಕಿ. ಮಧ್ಯಮ ಬೆಲೆ ಎಲ್ಲ ದರ್ಜೆಗಳ ಕಲಸುಮೇಲೋಗರ, ಅದನ್ನೇ ನೆಚ್ಚಬೇಡಿ.

ಸುದ್ದಿಯ ಬೆಲೆಗಳಿಂದಲೂ ದೂರವಿರಿ. ಬೀಟಲ್ಸ್ ಬಿಳಿ ಆಲ್ಬಮ್ (1968) 2015ರ ಹರಾಜಿನಲ್ಲಿ 7,90,000 ಡಾಲರಿಗೆ ಹೋಯಿತು ಎಂಬುದು ನಿಜ; ಅದು ರಿಂಗೋ ಸ್ಟಾರ್ ಅವರ ಸ್ವಂತದ್ದು, ಕವರಿನ ಮೇಲೆ ಅಚ್ಚಾದ ಕ್ರಮಸಂಖ್ಯೆ 0000001. ಏಳಂಕಿಯ ದೊಡ್ಡ ಸಂಖ್ಯೆಯ ಪ್ರತಿಗೂ ಆ ಸುದ್ದಿಗೂ ಸಂಬಂಧವಿಲ್ಲ.

ಎಲ್ಲಿ ಮಾರುವುದು

ರೆಕಾರ್ಡ್ ಅಂಗಡಿಯವರು ತಾವು ಮಾರುವ ಬೆಲೆಯ ಮೂರನೇ ಒಂದರಿಂದ ಅರ್ಧದಷ್ಟು ಕೊಡುವುದು ವಾಡಿಕೆ. ಅವರಿಗೂ ಬಾಡಿಗೆ, ಕಾಯುವಿಕೆ ಇರುತ್ತದೆ, ಅದು ಅನ್ಯಾಯವಲ್ಲ. ನೂರಾರು ಸಾಧಾರಣ ಎಲ್‌ಪಿ ಒಟ್ಟಿಗೆ ಕಳೆಯಲು ಅದೇ ಸರಿ. ಆದರೆ ಅವುಗಳ ನಡುವಿನ ಒಂದೆರಡು ರತ್ನಗಳನ್ನು ಮೊದಲೇ ಎತ್ತಿಡಿ.

ಬಿಡಿಯಾಗಿ ಮಾರಲು, ಬೆಲೆ ಸ್ಥಿರವಾಗಿರುವ ಪ್ರತಿಗೆ ಡಿಸ್ಕಾಗ್ಸ್‌ನಂಥ ಕಡೆ ನಿಗದಿತ ಬೆಲೆ. ಹಿಂದಿನ ಮಾರಾಟವೇ ಬೆರಳೆಣಿಕೆಯಷ್ಟಿರುವ ಪ್ರತಿಗೆ ಏಳು ಅಥವಾ ಹತ್ತು ದಿನದ ಹರಾಜು, ಕೊಳ್ಳುವವರ ಕಡೆ ಭಾನುವಾರ ಸಂಜೆ ಮುಗಿಯುವಂತೆ. ಹರಾಜನ್ನು ಕಡಿಮೆ ಬೆಲೆಯಿಂದ ಶುರು ಮಾಡಬೇಕಾದರೆ ಕನಿಷ್ಠ ಇಬ್ಬರಿಗೆ ಅದು ಬೇಕೆಂಬ ಖಾತ್ರಿ ಇರಬೇಕು. ತೀರ ದೊಡ್ಡ ಬೆಲೆಯದ್ದಾದರೆ ಹರಾಜು ಸಂಸ್ಥೆ. ತಾಣದ ಶುಲ್ಕ ಹಲವು ಕಡೆ ಅಂಚೆ ವೆಚ್ಚದ ಮೇಲೂ ಬೀಳುತ್ತದೆ. ಲೆಕ್ಕ ಹಾಕಿಯೇ ಬೆಲೆ ಇಡಿ.

ಫೋಟೊ ಮತ್ತು ವಿವರಣೆ

ಹದಿಮೂರೋ ಹದಿನಾಲ್ಕೋ ಫೋಟೊ: ಕವರಿನ ಮುಂದೆ, ಹಿಂದೆ, ಬೆನ್ನು, ನಾಲ್ಕು ಮೂಲೆ, ಎರಡು ಲೇಬಲ್, ಓರೆ ಬೆಳಕಿನಲ್ಲಿ ಎರಡು ಬದಿ, ಎರಡು ರನ್‌ಔಟ್, ಪೋಸ್ಟರು ಇತ್ಯಾದಿ. ದೋಷಕ್ಕೆ ಬೇರೆ ಫೋಟೊ, ಹತ್ತಿರದಿಂದ. ಫ್ಲ್ಯಾಶ್ ಬೇಡ, ಕಿಟಕಿಯ ಬೆಳಕು ಸಾಕು. ವಿವರಣೆಯ ಮೊದಲ ಸಾಲಿನಲ್ಲೇ ದೇಶ, ವರ್ಷ, ಮೋನೊ ಅಥವಾ ಸ್ಟೀರಿಯೊ, ಕ್ಯಾಟಲಾಗ್ ಸಂಖ್ಯೆ, ಎರಡೂ ಬದಿಯ ರನ್‌ಔಟ್. 'ಅಪರೂಪ', 'ಅದ್ಭುತ' ಎಂಬ ಮಾತುಗಳಿಗೆ ಯಾರೂ ದುಡ್ಡು ಕೊಡುವುದಿಲ್ಲ. ನುಡಿಸಿ ನೋಡಿದ್ದೋ ಬರೀ ಕಣ್ಣಳತೆಯ ದರ್ಜೆಯೋ ಎಂಬುದನ್ನು ಸ್ಪಷ್ಟವಾಗಿ ಬರೆಯಿರಿ. ಕವರಿನ ಮೇಲೆ ಹಸ್ತಾಕ್ಷರವಿದ್ದು ಅದಕ್ಕೆ ಪುರಾವೆ ಇಲ್ಲದಿದ್ದರೆ, 'ಬರಹವಿದೆ, ಅಸಲಿತನ ಪರೀಕ್ಷಿಸಿಲ್ಲ' ಎನ್ನಿ.

ಪ್ಯಾಕಿಂಗ್

ಅರ್ಧ ಶತಮಾನ ಉಳಿದದ್ದು ಒಂದು ಪ್ರಯಾಣದಲ್ಲಿ ಹಾಳಾಗುವುದು ಇಲ್ಲಿಯೇ. ಎಲ್‌ಪಿಯನ್ನು ಕವರಿನೊಳಗೆ ಬಿಟ್ಟು ಕಳಿಸಿದರೆ, ಪೆಟ್ಟಿಗೆ ಒಮ್ಮೆ ಅಂಚಿನ ಮೇಲೆ ಬಿದ್ದರೂ ಪ್ಲೇಟು ಒಳಗಿನಿಂದ ಕೊಡಲಿಯಂತೆ ಕವರನ್ನು ಸೀಳುತ್ತದೆ. ಆದ್ದರಿಂದ ಎಲ್‌ಪಿಯನ್ನು ಹೊರತೆಗೆದು ಹೊಸ ಒಳಚೀಲಕ್ಕೆ ಹಾಕಿ. ಮೂಲ ಒಳಚೀಲ ಖಾಲಿಯಾಗಿ ಕವರಿನೊಳಗೇ ಇರಲಿ. ಎಲ್‌ಪಿಯನ್ನು ಕವರಿನ ಹಿಂದೆ ಇಟ್ಟು ಎರಡನ್ನೂ ಒಂದೇ ಪಾಲಿಥೀನ್ ಹೊರಚೀಲಕ್ಕೆ ಸೇರಿಸಿ. ಬಬಲ್ ವ್ರ್ಯಾಪ್ ವಿನೈಲಿಗೆ ನೇರ ತಾಗಬಾರದು, ಗುಳ್ಳೆಗಳ ಅಚ್ಚು ಬೀಳುತ್ತದೆ.

ಕವರಿನ ಅಗಲ ಸುಮಾರು 31.5 ಸೆಂಟಿಮೀಟರು. ಎರಡೂ ಕಡೆ ಅದಕ್ಕಿಂತ ಸ್ವಲ್ಪ ದೊಡ್ಡ ಕಾರ್ಡ್‌ಬೋರ್ಡ್ ಹಲಗೆ ಎರಡೆರಡು ಇಡಿ, ಒಂದರ ಏರಿಳಿತದ ಗೆರೆ ಅಡ್ಡಕ್ಕೆ, ಇನ್ನೊಂದರದ್ದು ಉದ್ದಕ್ಕೆ. ಒಂದೇ ದಿಕ್ಕಿಗಿದ್ದರೆ ಆ ಗೆರೆಗುಂಟ ಸಲೀಸಾಗಿ ಮಡಿಚಿಕೊಳ್ಳುತ್ತದೆ. ಈ ಕಟ್ಟನ್ನು ಎಲ್‌ಪಿ ಪೆಟ್ಟಿಗೆಯಲ್ಲಿಟ್ಟು, ನಾಲ್ಕೂ ಅಂಚಿಗೆ ಒಂದೆರಡು ಸೆಂಟಿಮೀಟರು ಮೆತ್ತೆ ಬರುವಂತೆ ಕಾಗದ ತುಂಬಿ. ಮೂಲೆ ಮೊದಲು ನೆಲಕ್ಕೆ ಬೀಳುತ್ತದೆ, ಮೂಲೆಯಲ್ಲೂ ಹೀಗೆ ಮೆತ್ತೆಯ ಜಾಗ ಇದ್ದರೆ ಪೆಟ್ಟು ಕವರಿಗೆ ತಲುಪುವುದಿಲ್ಲ. ಪೆಟ್ಟಿಗೆಯನ್ನು ಅಲುಗಾಡಿಸಿ ನೋಡಿ. ಒಳಗೆ ಏನಾದರೂ ಜಾರಿದ ಸದ್ದಾದರೆ ಬಿಚ್ಚಿ ಮತ್ತೆ ಕಟ್ಟಿ.

ವಿದೇಶಕ್ಕಾದರೆ ಕಸ್ಟಮ್ಸ್ ಚೀಟಿಯಲ್ಲಿ ಬಳಸಿದ ಗ್ರಾಮಫೋನ್ ರೆಕಾರ್ಡ್ ಎಂದು ಬರೆದು, ಎಚ್‌ಎಸ್ ಸಂಕೇತ (ಕಸ್ಟಮ್ಸ್‌ನವರು ಸರಕು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ) 8523.80 ನಮೂದಿಸಿ, ನಿಜ ಬೆಲೆಯನ್ನೇ ಹಾಕಿ. ಕಡಿಮೆ ತೋರಿಸಿ ಎಂದು ಕೊಳ್ಳುವವರು ಬೇಡಿಕೊಂಡರೂ ಒಪ್ಪಬೇಡಿ; ಪಾರ್ಸಲ್ ಕಳೆದರೆ ವಿಮೆ ಸಿಗುವುದು ಚೀಟಿಯಲ್ಲಿ ಬರೆದಷ್ಟಕ್ಕೇ.

ಹಣ, ಮೋಸ, ವಾಪಸಾತಿ

ಹಣ ಖಾತೆಗೆ ಬಂದು ಬಿದ್ದ ಮೇಲೆಯೇ ಪಾರ್ಸಲ್ ಹೊರಡಲಿ. ಹಣ ಬಂದಿದೆ ಎಂಬ ಇಮೇಲನ್ನು ನಂಬದೆ ಖಾತೆಯನ್ನೇ ತೆರೆದು ನೋಡಿ. ಹೆಚ್ಚು ಹಣ ಕಳಿಸಿ 'ಉಳಿದದ್ದು ವಾಪಸು ಹಾಕಿ' ಎನ್ನುವವರು, ಪಾವತಿಯಾದ ಮೇಲೆ ಬೇರೆ ವಿಳಾಸ ಕೊಡುವವರು, ತಾಣದ ಹೊರಗೆ ಮುಗಿಸೋಣ ಎಂದು ಅವಸರಿಸುವವರು, ಮೂವರನ್ನೂ ಬಾಗಿಲಲ್ಲೇ ನಿಲ್ಲಿಸಿ. ಟ್ರ್ಯಾಕಿಂಗ್ ಕಡ್ಡಾಯ, ಬೆಲೆ ದೊಡ್ಡದಾದರೆ ಸಹಿ ಹಾಕಿಸಿಕೊಂಡು ಕೊಡುವ ಸೇವೆ ಮತ್ತು ವಿಮೆ.

ಅತಿ ನಾಜೂಕಿನ ಮೋಸ ವಾಪಸಾತಿಯದ್ದು: ನಿಮ್ಮ ಒಳ್ಳೆಯ ಪ್ರತಿ ಇಟ್ಟುಕೊಂಡು ತಮ್ಮ ಗೀರುಬಿದ್ದ ಪ್ರತಿಯನ್ನು ಹಿಂತಿರುಗಿಸುವುದು. ಅದಕ್ಕೇ ಕಳಿಸುವ ಮುನ್ನ ರನ್‌ಔಟಿನ ಮತ್ತು ಲೇಬಲ್ಲಿನ ತೂತಿನ ಸುತ್ತಲಿನ ಗೆರೆಗಳ ಹತ್ತಿರದ ಫೋಟೊ ತೆಗೆದಿಡಿ. ಪ್ಲೇಯರಿನ ನಡುವಿನ ಸ್ಪಿಂಡಲ್ ಕಡ್ಡಿಗೆ ತೂತು ತಡಕಾಡಿದಾಗ ಬಿದ್ದ ಆ ಗೆರೆಗಳು ಬೆರಳಚ್ಚಿನ ಹಾಗೆ, ಎರಡು ಪ್ರತಿಗಳಲ್ಲಿ ಒಂದೇ ಥರ ಇರುವುದಿಲ್ಲ. ದೂರು ನಿಜವಾಗಿದ್ದರೆ ವಾದಕ್ಕಿಳಿಯದೆ ಸ್ವಲ್ಪ ಹಣ ಹಿಂದಿರುಗಿಸುವುದು ಹಲವು ಸಲ ಎರಡೂ ಕಡೆಯ ಅಂಚೆ ಖರ್ಚಿಗಿಂತ ಅಗ್ಗ. ಪ್ರತಿ ವಾಪಸು ಬಂದರೆ ಪೆಟ್ಟಿಗೆ ಬಿಚ್ಚುವುದನ್ನು ವಿಡಿಯೊ ಮಾಡಿ, ಅದೇ ಟಾರ್ಚು, ಅದೇ ಕೋನದಲ್ಲಿ ರನ್‌ಔಟ್ ಹಿಡಿದು ಹಳೆಯ ಫೋಟೊ ಪಕ್ಕ ಇಟ್ಟು ನೋಡಿ. ಹಣ ಹಿಂದಿರುಗಿಸುವ ಗುಂಡಿ ಒತ್ತುವುದು ಆಮೇಲೆ.